ಗಾಳಿಗೆ ತಕ್ಕ ಗಾಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡುವ ಸೈಕಲ್ಲಿಗೆ, ಗಾಳಿಯ ತಡೆ ಕಡಿಮೆ ಮಾಡುವ ಏರೋ ಚಕ್ರ. ಆಳದ ರಿಮ್, ಕಪ್ಪು ಕಾರ್ಬನ್, ಉರುಳುವಾಗ ಬರುವ ಆ ಗುಂಯ್ ಎನ್ನುವ ಸದ್ದು. ಆಸೆ ಆಗುವುದು ಸಹಜ. ಮೈಸೂರಿನ ನನ್ನ ಅಂಗಡಿಯಲ್ಲಿ ಇಂಥ ಚಕ್ರಗಳ ಬೆಂಡ್ ತೆಗೆಯುತ್ತೇನೆ, ಹೊಸದಾಗಿ ಸ್ಪೋಕ್ ಹಾಕಿ ಕಟ್ಟುತ್ತೇನೆ. ಬಂದವರು ಮೊದಲು ಕೇಳುವುದು ‘ಎಷ್ಟು ಆಳದ್ದು ತಗೊಳ್ಳಲಿ?’ ಅಂತ. ಅದನ್ನು ಕೊನೆಗೆ ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಟೈರ್ ಎಷ್ಟು ಅಗಲ, ನೀವು ಓಡಿಸುವ ದಾರಿಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬ್ರೇಕ್ ಯಾವ ಥರದ್ದು, ಇಷ್ಟು ಗೊತ್ತಾದರೆ ಆಳ ಎಷ್ಟಿರಬೇಕು ಎನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಪ್ರತಿ ಸಲ ಅಲ್ಲಿಂದಲೇ ಶುರು ಮಾಡಿದ್ದೇನೆ.

ಪ್ರಶ್ನೆ: ಶನಿವಾರ, ಭಾನುವಾರ ದೇವನಹಳ್ಳಿ, ನಂದಿ ಕಡೆ ಸೈಕಲ್ ಓಡಿಸುತ್ತೇನೆ. ಸಪಾಟು ರಸ್ತೆಯಲ್ಲಿ ಸರಾಸರಿ 30 ಕಿ.ಮೀ. ವೇಗ. ತೂಕ 86 ಕೆ.ಜಿ. ಡಿಸ್ಕ್ ಬ್ರೇಕ್ ಬೈಕ್, ಜೊತೆಗೆ ಬಂದ ಅಲ್ಯೂಮಿನಿಯಂ ಚಕ್ರ, 25 ಮಿ.ಮೀ. ಅಗಲದ ಟೈರ್. ಚಕ್ರಕ್ಕೆ 70 ಸಾವಿರ ಎತ್ತಿಟ್ಟಿದ್ದೇನೆ. ರಿಮ್ ಆಳ 40, 50, 60 ಮಿ.ಮೀ. ಇದರಲ್ಲಿ ಯಾವುದು? ‘ಗಂಟೆಗೆ 40 ದಾಟದವರಿಗೆ ಏರೋ ಚಕ್ರ ದಂಡ’ ಅಂತ ಗೆಳೆಯರು ಹೇಳುತ್ತಾರೆ. ನಿಜವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಮೊದಲು ಗೆಳೆಯರ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಈಗ ಹೊಸ ಚಕ್ರ ಗಂಟೆಗೆ 45 ಕಿ.ಮೀ. ವೇಗದಲ್ಲಿ 10 ವಾಟ್ ಉಳಿಸುತ್ತದೆ ಅಂತ ಇಟ್ಟುಕೊಳ್ಳಿ. ಅದೇ ಚಕ್ರ ನಿಮ್ಮ 30ರ ವೇಗದಲ್ಲಿ ಉಳಿಸುವುದು ಬರೀ 3 ವಾಟ್. ಗೆಳೆಯರು ಇಲ್ಲಿಗೆ ಲೆಕ್ಕ ನಿಲ್ಲಿಸಿಬಿಟ್ಟಿದ್ದಾರೆ. ಮುಂದುವರಿಸೋಣ. 40 ಕಿ.ಮೀ. ದೂರ ಹೋಗಲು ನಿಮಗೆ 80 ನಿಮಿಷ ಬೇಕು. ಗಂಟೆಗೆ 40ರಲ್ಲಿ ಹೋಗುವವನಿಗೆ 60 ನಿಮಿಷ ಸಾಕು. ನಿಮಗೆ ಸಿಗುವ ಉಳಿತಾಯ ಚಿಕ್ಕದು, ಆದರೆ ಅದು ಜಾಸ್ತಿ ಹೊತ್ತು ಸಿಗುತ್ತದೆ. ಹಾಗಾಗಿ ಕೊನೆಗೆ ಇಬ್ಬರಿಗೂ ಉಳಿಯುವ ಸಮಯ ಹೆಚ್ಚು ಕಡಿಮೆ ಒಂದೇ, ಸುಮಾರು ಅರ್ಧ ನಿಮಿಷ. ನಿಧಾನ ಹೋಗುವವರಿಗೇ ಕೆಲವು ಸೆಕೆಂಡ್ ಜಾಸ್ತಿ. ಹೀಗಾಗಿ ‘ದಂಡ’ ಎನ್ನುವುದು ತಪ್ಪು. ಆದರೆ 70 ಸಾವಿರ ಕೊಟ್ಟು 40 ಕಿ.ಮೀ. ದೂರದಲ್ಲಿ ಅರ್ಧ ನಿಮಿಷ ಉಳಿಸುವುದು ನಿಮಗೆ ಮುಖ್ಯವಾ ಎನ್ನುವುದನ್ನು ನೀವೇ ಯೋಚಿಸಬೇಕು.

ಯೋಚಿಸುವ ಮುಂಚೆ ಇನ್ನೊಂದು ಮಾತು. ಸೈಕಲ್ ಮೇಲೆ ಕೂತವರಿಗೆ ಗಾಳಿ ಒಡ್ಡುವ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಅವರ ಮೈಯದ್ದೇ. ಕೈಯನ್ನು ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹಿಡಿಯ (ಹುಡ್ಸ್) ಮೇಲಿಟ್ಟು, ಮೊಣಕೈ ಮಡಚಿ, ಭುಜ ತಗ್ಗಿಸಿ ಕೂರುವುದನ್ನು ಅಭ್ಯಾಸ ಮಾಡಿದರೆ ಯಾವ ಚಕ್ರವೂ ಕೊಡದಷ್ಟು ಲಾಭ ಸಿಗುತ್ತದೆ. ಪಟಪಟ ಹಾರುವ ಸಡಿಲ ಜರ್ಸಿ ಬಿಟ್ಟು ಮೈಗೆ ಅಂಟುವಂಥದ್ದು ಹಾಕಿದರೂ ಅಷ್ಟೇ. ಟೈರ್ ಇನ್ನೊಂದು. ಬೈಕಿನ ಜೊತೆ ಬರುವ ಸಾಧಾರಣ ಟೈರ್ ತೆಗೆದು ಒಂದು ಜೋಡಿ ಒಳ್ಳೆಯ ರೇಸಿಂಗ್ ಟೈರ್ ಹಾಕಿದರೆ ಉರುಳುವಾಗಿನ ತಡೆಯಲ್ಲೇ 10 ವಾಟ್ ತನಕ ಉಳಿಯುತ್ತದೆ, ಅದೂ ನಿಮ್ಮ ವೇಗದಲ್ಲಿ. ಈ ಎರಡೂ ಮಾಡಿ ಆಗಿದ್ದರೆ ಮಾತ್ರ ಚಕ್ರದ ಕಡೆ ಬನ್ನಿ.

ಈಗ ಅಗಲದ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಗಾಳಿಗೆ ನಿಮ್ಮ ಟೈರ್ ಬೇರೆ, ರಿಮ್ ಬೇರೆ ಅಂತ ಗೊತ್ತಿಲ್ಲ. ಎರಡೂ ಸೇರಿ ಒಂದೇ ಆಕಾರ. ಎದುರಿನಿಂದ ಬಂದ ಗಾಳಿ ಮೊದಲು ಟೈರಿಗೆ ತಗುಲುತ್ತದೆ, ಪಕ್ಕಕ್ಕೆ ಸರಿದು ಹಿಂದಕ್ಕೆ ಹೋಗುತ್ತದೆ. ಅದು ಮತ್ತೆ ರಿಮ್ ಮೈಗೆ ಅಂಟಿಕೊಂಡು ಹರಿದರೆ ಆಳದ ರಿಮ್ ತನ್ನ ಕೆಲಸ ಮಾಡುತ್ತದೆ. ಟೈರ್ ರಿಮ್‌ಗಿಂತ ಅಗಲವಾಗಿ ಉಬ್ಬಿಕೊಂಡಿದ್ದರೆ ಗಾಳಿ ಅಲ್ಲೇ ಬಿಟ್ಟುಕೊಂಡು ಸುಳಿ ಸುತ್ತುತ್ತದೆ. ಆಗ ರಿಮ್ 50 ಇದ್ದರೇನು, 80 ಇದ್ದರೇನು. ಝಿಪ್ ಕಂಪನಿಯಲ್ಲಿ ಚಕ್ರ ರೂಪಿಸುತ್ತಿದ್ದ ಜೋಶ್ ಪೋರ್ಟ್ನರ್ ಇದಕ್ಕೊಂದು ಲೆಕ್ಕ ಕೊಟ್ಟರು. ರಿಮ್‌ನ ಹೊರ ಅಗಲ ಟೈರ್ ಅಗಲದ 105 ಪರ್ಸೆಂಟ್ ಆದರೂ ಇರಬೇಕು. 28 ಮಿ.ಮೀ. ಟೈರಿಗೆ ಸುಮಾರು 29.5 ಮಿ.ಮೀ. ರಿಮ್.

ಟೈರಿನ ಮೇಲೆ ಬರೆದಿರುವ 28 ಅನ್ನು ಮಾತ್ರ ನಂಬಬೇಡಿ. ಒಳ ಅಗಲ ಜಾಸ್ತಿ ಇರುವ ರಿಮ್‌ಗೆ ಹಾಕಿದರೆ ಅದೇ ಟೈರ್ 29, 30 ಆಗಿ ಉಬ್ಬುತ್ತದೆ. ಗಾಳಿ ಹೊಡೆದು ಒಂದು ದಿನ ಬಿಟ್ಟು ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆಯಿರಿ. ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ರಿಮ್‌ನ ಹೊರ ಅಗಲ ಎಷ್ಟು, ಒಳ ಅಗಲ ಎಷ್ಟು? ತಟ್ಟನೆ ಹೇಳದಿದ್ದರೆ ಅವರ ಎದುರೇ ಅಳೆಯಿರಿ.

ನಿಮಗೆ ನಾನು ಹೇಳುವುದು: ಹಿಂದೆ ಮುಂದೆ ಎರಡೂ 45ರಿಂದ 50 ಆಳ, ಹೊರ ಅಗಲ 30ರಿಂದ 31, ಒಳ ಅಗಲ 21ರಿಂದ 23, ಮೇಲೆ 28ರ ಟೈರ್. ನಮ್ಮ ಗುಂಡಿ, ಹಂಪ್‌ಗಳಿಗೆ 25 ಸಾಲದು. ಕೊಳ್ಳುವ ಮುಂಚೆ ಫ್ರೇಮಿನಲ್ಲಿ ಅಷ್ಟು ಜಾಗ ಇದೆಯಾ ನೋಡಿಕೊಳ್ಳಿ. 60 ಬೇಡ. 50ರಿಂದ 60ಕ್ಕೆ ಹೋದಾಗ ಸಿಗುವ ಲಾಭ ತೀರಾ ಸಣ್ಣದು, ಅಡ್ಡ ಗಾಳಿಯ ಕಾಟ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ರಿಮ್ ಅಂಚಿನಲ್ಲಿ ಟೈರನ್ನು ಹಿಡಿದಿಡುವ ಕೊಕ್ಕೆ ಇರುವಂಥದ್ದನ್ನೇ ಕೇಳಿ. ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್‌ಗೆ ಟೈರ್ ಒಳಗಿನ ಗಾಳಿಯ ಒತ್ತಡದ ಮಿತಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ. ನಿಮ್ಮ ತೂಕಕ್ಕೆ 28ರ ಟೈರ್ ಬಯಸುವ ಗಾಳಿಯೂ ಆ ಗೆರೆಯ ಹತ್ತಿರವೇ ಬಂದು ನಿಲ್ಲುತ್ತದೆ. ಮನೆಯ ಪಂಪಿನ ಮುಳ್ಳು ನಾಲ್ಕೈದು ಪಿಎಸ್‌ಐ ಆಚೀಚೆ ತೋರಿಸುವುದು ಮಾಮೂಲು. ಮಿತಿಯ ಅಂಚಿನಲ್ಲೇ ಓಡಾಡುವುದು ಯಾಕೆ? 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡಿ ಗೆಂಟ್ ಅವರ ಮುಂದಿನ ಟೈರ್ ಹುಕ್‌ಲೆಸ್ ರಿಮ್‌ನಿಂದ ಕಳಚಿ ಅವರು ಬಿದ್ದರು. ಆಮೇಲೆ ಈ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಟೈರ್ ಅಗಲ, ಒಳ ಅಗಲ, ಗಾಳಿ ಮೂರೂ ಸರಿ ಹೊಂದಿಸಿಕೊಂಡವರು ಹುಕ್‌ಲೆಸ್ ಆರಾಮಾಗಿ ಓಡಿಸುತ್ತಿದ್ದಾರೆ. ನಿಮ್ಮ ತೂಕಕ್ಕೆ ಕೊಕ್ಕೆ ಇರಲಿ.

ರಿಪೇರಿ ಮಾಡುವವನಾಗಿ ಇನ್ನೆರಡು ಮಾತು. ಸ್ಪೋಕನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್ಟೇ ನಿಪ್ಪಲ್. ನಿಪ್ಪಲ್‌ಗಳು ರಿಮ್ ಹೊರಗೆ ಕಾಣುವಂತಿರಲಿ. ಒಳಗೆ ಅಡಗಿದ್ದರೆ ಒಂದು ಸುತ್ತು ತಿರುಗಿಸಲೂ ಟೈರ್, ಟೇಪ್ ಎಲ್ಲ ಕಿತ್ತು ಹಾಕಬೇಕು. ಸ್ಪೋಕ್ ಮುಂದೆ, ಹಿಂದೆ 24 ಆದರೂ ಇರಲಿ. ಬಾಗಿದ ತಲೆಯ ಮಾಮೂಲಿ ಸ್ಪೋಕ್ ಆದರೆ ಬದಲಿ ಸುಲಭವಾಗಿ ಸಿಗುತ್ತದೆ. ಹಬ್ ಒಳಗಿನ ಬೇರಿಂಗ್ ನಂಬರ್ ಕೇಳಿಟ್ಟುಕೊಳ್ಳಿ. 6902 ಥರದ ಸಾಮಾನ್ಯ ಅಳತೆ ಆದರೆ ಯಾವ ಊರಿನ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಕಂಪನಿಯವರಷ್ಟೇ ಕೊಡುವ ವಿಚಿತ್ರ ಅಳತೆ ಆದರೆ ಒಂದು ಮಳೆಗಾಲ ಕಳೆದ ಮೇಲೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆ್ಯಕ್ಸಲ್ ಅಳತೆ, ಕ್ಯಾಸೆಟ್ (ಹಿಂದಿನ ಗೇರಿನ ಹಲ್ಲುಚಕ್ರಗಳ ಗೊಂಚಲು) ಕೂರುವ ಫ್ರೀಹಬ್ ಎರಡೂ ನಿಮ್ಮ ಬೈಕಿಗೆ ಹೊಂದುತ್ತವಾ ಅಂತ ದುಡ್ಡು ಕೊಡುವ ಮುಂಚೆ ನೋಡಿ.

ಪ್ರಶ್ನೆ: ನಂದಿ ಬೆಟ್ಟ ಬೇಗ ಹತ್ತಬೇಕು. 1,600 ಗ್ರಾಂ ಏರೋ ಚಕ್ರವೋ, 1,400 ಗ್ರಾಂ ಹಗುರ ಚಕ್ರವೋ?
— ವೈದ್ಯಕೀಯ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ನೀವು, ಬೈಕ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಅಂತಿಟ್ಟುಕೊಳ್ಳಿ. ಅದರಲ್ಲಿ 200 ಗ್ರಾಂ ಅಂದರೆ ಕಾಲು ಪರ್ಸೆಂಟ್. ಅರ್ಧ ಗಂಟೆಯ ಏರಿನಲ್ಲಿ ನಾಲ್ಕೈದು ಸೆಕೆಂಡ್. ತಿರುಗುವ ತೂಕ ಎರಡು ಪಟ್ಟು ಭಾರ ಎನ್ನುವ ಮಾತು ಥಟ್ಟನೆ ವೇಗ ಹೆಚ್ಚಿಸುವಾಗ ಮಾತ್ರ ಅನ್ವಯ. ಒಂದೇ ಸಮ ಹತ್ತುವಾಗ ಅದರ ಲೆಕ್ಕ ಇಲ್ಲ. ಬೆಟ್ಟದ ಬುಡದ ತನಕ ಸಪಾಟಿನಲ್ಲಿ ಹೋಗಿ ವಾಪಸ್ ಬರುವುದೂ ಇದೆಯಲ್ಲ, ಏರೋ ಚಕ್ರವೇ ತೆಗೆದುಕೊಳ್ಳಿ.

ಪ್ರಶ್ನೆ: ಪರಿಚಯದವರಿಂದ 60 ಮಿ.ಮೀ. ಕಾರ್ಬನ್ ಚಕ್ರದ ಜೋಡಿ ಕೊಂಡೆ. ಬೇಸಿಗೆಯಲ್ಲಿ ಬಲು ಚೆನ್ನಾಗಿತ್ತು. ಜೂನ್ ಬಂದ ಮೇಲೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ. ಒಂದು ಸಲ ರಸ್ತೆಯ ಅಂಚಿನ ತನಕ ಹೋದೆ. ನನ್ನ ತೂಕ 52 ಕೆ.ಜಿ. ಟಿವಿಯಲ್ಲಿ ನೋಡಿದರೆ ರೇಸ್ ಹುಡುಗಿಯರು ಇಂಥದ್ದೇ ಚಕ್ರದಲ್ಲಿ ಸಲೀಸಾಗಿ ಹೋಗುತ್ತಾರೆ. ನನ್ನ ಓಡಿಸುವ ರೀತಿಯಲ್ಲಿ ತಪ್ಪಿದೆಯೇ?
— ಕಾಲೇಜು ಉಪನ್ಯಾಸಕಿ, ಗದಗ

ಉತ್ತರ: ನಿಮ್ಮಲ್ಲಿ ಯಾವ ತಪ್ಪೂ ಇಲ್ಲ ಮೇಡಂ. ನಿಮ್ಮ ಊರಿನ ಗಾಳಿಗೆ ಆ ಮುಂದಿನ ಚಕ್ರ ಹೊಂದುವುದಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿದ್ದಾರೆ. ಗಾಳಿ ಚೆನ್ನಾಗಿ ಬೀಸುವ ಜಾಗ ನೋಡಿಯೇ ತಾನೇ ಅವನ್ನು ನೆಡುವುದು? ಮುಂಗಾರಿನಲ್ಲಿ ಅಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ ಒಂದೇ ಸಮ ಬೀಸುತ್ತದೆ. ನೀವು ಹುಬ್ಬಳ್ಳಿ ಕಡೆ ಹೊರಟರೆ ಅದು ಎದುರು ಗಾಳಿ. ಕಷ್ಟ ಆಗುತ್ತದೆ, ಆದರೆ ಭಯ ಆಗುವುದಿಲ್ಲ. ರೋಣದ ಕಡೆ ತಿರುಗಿದಿರೋ, ಅದೇ ಗಾಳಿ ಪಕ್ಕದಿಂದ ಹೊಡೆಯುತ್ತದೆ.

ಟಿವಿಯ ರೇಸಿಗೂ ನಿಮಗೂ ಇರುವ ವ್ಯತ್ಯಾಸ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಚಕ್ರಕ್ಕೆ ಗಾಳಿ ತಗುಲುವ ಕೋನ ನಿಮ್ಮ ವೇಗ, ಗಾಳಿಯ ವೇಗ ಎರಡೂ ಸೇರಿ ಆಗುವುದು. ಗಂಟೆಗೆ 45 ಕಿ.ಮೀ. ಓಡುವವರಿಗೆ ಪಕ್ಕದಿಂದ 10 ಕಿ.ಮೀ. ಗಾಳಿ ಬಂದರೆ ಆ ಕೋನ 12, 13 ಡಿಗ್ರಿ. ನೀವು 28ರಲ್ಲಿ ಹೋಗುವಾಗ ಪಕ್ಕದಿಂದ 20 ಕಿ.ಮೀ. ಗಾಳಿ ಬಂದರೆ ಅದು 35 ಡಿಗ್ರಿ. ಸಣ್ಣ ಕೋನದಲ್ಲಿ ಗಾಳಿ ರಿಮ್‌ನ ಮೈಗೆ ಅಂಟಿಕೊಂಡು ಹರಿಯುತ್ತದೆ. ಆಗ ಚಕ್ರ ಮುಂದಕ್ಕೆ ಸ್ವಲ್ಪ ಎಳೆದುಕೊಂಡು ಹೋಗುವುದೂ ಉಂಟು, ದೋಣಿಯ ಹಾಯಿಯ ಹಾಗೆ. ಒಂದು ಮಿತಿ ದಾಟಿದರೆ ಗಾಳಿ ಥಟ್ಟನೆ ಬಿಟ್ಟುಕೊಳ್ಳುತ್ತದೆ. ಮತ್ತೆ ಅಂಟುತ್ತದೆ, ಮತ್ತೆ ಬಿಡುತ್ತದೆ. ನಿಮ್ಮ ಕೈಗೆ ಬರುವ ಆ ಎಳೆತ ಇದೇ. ಗಾಳಿ ಸುರಂಗದಲ್ಲಿ ಚಕ್ರ ಪರೀಕ್ಷೆ ಮಾಡುವವರು ಹೆಚ್ಚಾಗಿ ಸಣ್ಣ ಕೋನಗಳನ್ನೇ ನೋಡುತ್ತಾರೆ, ಯಾಕೆಂದರೆ ಜೋರಾಗಿ ಓಡುವವರಿಗೆ ತಗುಲುವುದು ಅವೇ. ಕಂಪನಿಯ ಜಾಹೀರಾತಿನ ಗ್ರಾಫ್ ನಿಮ್ಮ ಜುಲೈ ತಿಂಗಳನ್ನು ತೋರಿಸುವುದಿಲ್ಲ.

ರಿಮ್‌ನ ಆಕಾರವೂ ನೋಡಬೇಕು. ಹಳೆಯ ಕಾಲದ ಆಳದ ರಿಮ್‌ಗಳು ಒಳ ಅಂಚಿಗೆ ಚೂಪಾಗಿರುತ್ತಿದ್ದವು. ಚಕ್ರದ ಮುಂದಿನ ಅರ್ಧದಲ್ಲಿ ಗಾಳಿ ಮೊದಲು ಟೈರಿಗೆ ತಗುಲುತ್ತದೆ, ಸರಿ. ಹಿಂದಿನ ಅರ್ಧದಲ್ಲಿ? ಅಲ್ಲಿ ಮೊದಲು ತಗುಲುವುದು ರಿಮ್‌ನ ಒಳ ಅಂಚು. ಅದು ಚೂಪಾಗಿದ್ದರೆ ಅಡ್ಡ ಗಾಳಿಯಲ್ಲಿ ಬೇಗ ಸುಳಿ ಏಳುತ್ತದೆ. ಅಮೆರಿಕದ ಚಕ್ರ ತಯಾರಕ ಸ್ಟೀವ್ ಹೆಡ್ ಮತ್ತು ಅವರ ಜೊತೆಗಾರರು ಇದನ್ನು ಗಮನಿಸಿ ಮಧ್ಯದಲ್ಲಿ ಉಬ್ಬಿದ, ಒಳ ಅಂಚು ದುಂಡಗಿರುವ ರಿಮ್ ಮಾಡಿದರು. ಇವತ್ತಿನ ಒಳ್ಳೆಯ ರಿಮ್‌ಗಳೆಲ್ಲ ಹೆಚ್ಚು ಕಡಿಮೆ ಆ ದಾರಿಯಲ್ಲೇ ಬಂದವು. ಸ್ಪೋಕ್ ಸೇರುವ ಜಾಗದಲ್ಲಿ ಬೆರಳಿಟ್ಟು ಸವರಿ ನೋಡಿ. ಚೂಪಾಗಿದ್ದರೆ ಅದು ಹಳೆಯ ವಿನ್ಯಾಸ.

ಪರಿಹಾರ ಕಷ್ಟದ್ದಲ್ಲ. ಹಿಂದಿನ 60ರ ಚಕ್ರ ಹಾಗೇ ಇರಲಿ. ಅದು ಹ್ಯಾಂಡಲ್ ತಿರುಗಿಸುವುದಿಲ್ಲ, ಅದರ ಮೇಲೆ ನಿಮ್ಮ ತೂಕವೂ ಜಾಸ್ತಿ ಬಿದ್ದಿರುತ್ತದೆ. ಮುಂದಕ್ಕೆ ಮಾತ್ರ 33ರಿಂದ 40ರ ಒಳಗಿನದ್ದು ಒಂದೇ ಒಂದು ಚಕ್ರ ಕೊಳ್ಳಿ, ದುಂಡಗಿನ ಒಳ ಅಂಚು ಇರುವಂಥದ್ದು. ಹೀಗೆ ಮುಂದೆ ಕಡಿಮೆ, ಹಿಂದೆ ಜಾಸ್ತಿ ಆಳ ಇರುವ ಜೋಡಿಯನ್ನು ಕಂಪನಿಗಳೇ ಮಾರುತ್ತವೆ. ನೋಡಲು ಚಂದವಿಲ್ಲ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಅಲ್ಲಿಯವರೆಗೆ ಗಾಳಿಯ ದಿನ ಹಳೆಯ ಚಕ್ರದಲ್ಲೇ ಹೋಗಿ. ಲಾರಿ, ಬಸ್ಸು ಪಕ್ಕದಲ್ಲಿ ದಾಟುವಾಗ ಗಾಳಿ ಒಂದು ಕ್ಷಣ ನಿಂತು ಮತ್ತೆ ರಪ್ಪನೆ ಹೊಡೆಯುತ್ತದೆ. ಅಪಾಯ ಇರುವುದು ಆ ಎರಡನೇ ಹೊಡೆತದಲ್ಲಿ. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ ಇರಲಿ, ಹಿಡಿತ ಸಡಿಲ ಇರಲಿ, ತುಳಿಯುವುದನ್ನು ನಿಲ್ಲಿಸಬೇಡಿ. ಬಿಗಿಯಾಗಿ ಹಿಡಿದಷ್ಟೂ ಚಕ್ರದ ಅಲುಗಾಟ ನಿಮ್ಮ ಭುಜಕ್ಕೆ ಬಂದು ಮತ್ತೆ ಚಕ್ರಕ್ಕೇ ಹೋಗುತ್ತದೆ.

ಪ್ರಶ್ನೆ: ನನ್ನದು ರಿಮ್ ಬ್ರೇಕ್ ಬೈಕ್, ಬ್ರೇಕ್ ರಬ್ಬರ್ ನೇರ ರಿಮ್ ಮೇಲೆಯೇ ಉಜ್ಜುವಂಥದ್ದು. ಸೆಕೆಂಡ್ ಹ್ಯಾಂಡ್ 50 ಮಿ.ಮೀ. ಕಾರ್ಬನ್ ಚಕ್ರ ಕಡಿಮೆ ಬೆಲೆಗೆ ಸಿಗುತ್ತಿದೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ತನಕ ಹೋಗುತ್ತೇವೆ. ಕೊಳ್ಳಲೇ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಬೇಡ. ಆಗುಂಬೆ ಘಾಟಿ ಇಳಿಯುವುದಾದರೆ ಖಂಡಿತ ಬೇಡ.

ಯಾಕೆ ಅಂತ ಹೇಳುತ್ತೇನೆ. ನೀವು, ಬೈಕ್ ಸೇರಿ 85 ಕೆ.ಜಿ. 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲಕ್ಷ ಜೂಲ್ ದಾಟುತ್ತದೆ. ತೆರೆದ ರಸ್ತೆಯಲ್ಲಾದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ತಿನ್ನುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ವೇಗ ಕಡಿಮೆ, ಬ್ರೇಕ್ ಜಾಸ್ತಿ. ಅಷ್ಟು ಶಾಖ ಎರಡು ರಿಮ್‌ಗಳಿಗೇ ಹೋಗುತ್ತದೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ಹಾಗಲ್ಲ, ಬ್ರೇಕ್ ಉಜ್ಜಿದ ಜಾಗದಲ್ಲೇ ಶಾಖ ಕೂರುತ್ತದೆ. ನಾರುಗಳನ್ನು ಹಿಡಿದಿಟ್ಟಿರುವ ಅಂಟು ಮೆತ್ತಗಾಗುತ್ತದೆ. ಒಳಗಿನ ಟೈರಿನ ಒತ್ತಡ ಆ ಮೆತ್ತನೆಯ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ರಿಮ್ ಉಬ್ಬುತ್ತದೆ, ಇಲ್ಲವೇ ಟ್ಯೂಬ್ ಒಡೆಯುತ್ತದೆ. ತಿರುವಿನಲ್ಲಿ ಮುಂದಿನ ಟ್ಯೂಬ್ ಒಡೆದರೆ ಏನಾಗುತ್ತದೆ ಎನ್ನುವುದನ್ನು ಬರೆಯಲು ನನಗೆ ಇಷ್ಟವಿಲ್ಲ. ಮಳೆಯಲ್ಲಂತೂ ಕಾರ್ಬನ್ ಮೇಲೆ ಬ್ರೇಕ್ ಹಿಡಿಯಲು ತಡವಾಗುತ್ತದೆ. ಆಗುಂಬೆಯಲ್ಲಿ ಮಳೆ ಇಲ್ಲದ ದಿನ ಹುಡುಕಿಕೊಂಡು ಹೋಗಬೇಕಲ್ವಾ?

ಸೆಕೆಂಡ್ ಹ್ಯಾಂಡ್ ಎನ್ನುವುದು ಇನ್ನೂ ತಲೆನೋವು. ಹಿಂದಿನವರು ಎಲ್ಲಿ, ಹೇಗೆ ಬ್ರೇಕ್ ಹಿಡಿದಿದ್ದರೋ ನಿಮಗೆ ಗೊತ್ತಾಗುವುದಿಲ್ಲ. ಚಕ್ರ ನಿಧಾನಕ್ಕೆ ತಿರುಗಿಸಿ, ಬ್ರೇಕ್ ಉಜ್ಜುವ ಪಟ್ಟಿಯನ್ನು ಎರಡು ಬೆರಳಿನ ಮಧ್ಯೆ ಹಿಡಿದು ನೋಡಿ. ಒಂದು ಕಡೆ ದಪ್ಪ ಸಿಕ್ಕರೂ ಆ ಚಕ್ರ ಮುಗಿದ ಹಾಗೆ.

ರಿಮ್ ಬ್ರೇಕ್ ಬೈಕಿಗೆ 30 ಮಿ.ಮೀ. ಆಸುಪಾಸಿನ ಒಳ್ಳೆಯ ಅಲ್ಯೂಮಿನಿಯಂ ಚಕ್ರ, ಚಪ್ಪಟೆ ಸ್ಪೋಕ್, ವೇಗದ ಟೈರ್ ಇಷ್ಟು ಸಾಕು. ಸಪಾಟಿನ ರೇಸಿಗೆ ಮಾತ್ರ ಕಾರ್ಬನ್ ಇಟ್ಟುಕೊಂಡವರು ಕಾರ್ಬನ್‌ಗೆಂದೇ ಮಾಡಿದ ಬ್ರೇಕ್ ರಬ್ಬರ್ ಹಾಕಬೇಕು. ಅಲ್ಯೂಮಿನಿಯಂ ಚಕ್ರಕ್ಕೆ ಬಳಸಿದ ರಬ್ಬರನ್ನು ಅದಕ್ಕೆ ಹಾಕಲೇಬಾರದು. ಅದರಲ್ಲಿ ಸಿಕ್ಕಿಕೊಂಡ ಲೋಹದ ಚೂರು ರಿಮ್ ಕೊರೆಯುತ್ತದೆ.

ಪ್ರಶ್ನೆ: ಗೋವಾದ ಐರನ್‌ಮ್ಯಾನ್ 70.3ಗೆ ತಯಾರಿ ಮಾಡುತ್ತಿದ್ದೇನೆ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಅದು. ಅದರಲ್ಲಿ 90 ಕಿ.ಮೀ. ಸೈಕಲ್. ಹಿಂದಕ್ಕೆ ಪೂರ್ತಿ ಮುಚ್ಚಿದ ಡಿಸ್ಕ್ ಚಕ್ರ ಹಾಕುವುದು ಅತಿಯಾಯಿತೇ?
— ದಂತವೈದ್ಯ, ಬೆಳಗಾವಿ

ಉತ್ತರ: ಅತಿಯೇನಿಲ್ಲ. ಇಟಲಿಯ ಸೈಕಲ್ ಸವಾರ ಫ್ರಾನ್ಸೆಸ್ಕೊ ಮೋಸರ್ 1984ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 51.151 ಕಿ.ಮೀ. ಓಡಿಸಿ ದಾಖಲೆ ಮಾಡಿದ್ದು ಮುಚ್ಚಿದ ಚಕ್ರಗಳ ಮೇಲೆಯೇ. ಏರೋ ಚಕ್ರದ ಹುಚ್ಚು ಜಗತ್ತಿಗೆ ಹಿಡಿದದ್ದೂ ಆಗಲೇ. ಮೆಕ್ಸಿಕೊ ಸಿಟಿ ಎತ್ತರದ ಊರು, ಅಲ್ಲಿ ಗಾಳಿ ತೆಳು ಎನ್ನುವುದೂ ಅವರಿಗೆ ಸಹಾಯವಾಯಿತು.

ಟ್ರಯಥ್ಲಾನ್‌ನಲ್ಲಿ ಬೇರೆಯವರ ಹಿಂದೆ ಅಡಗಿಕೊಂಡು ಹೋಗುವ ಹಾಗಿಲ್ಲ. 90 ಕಿ.ಮೀ. ಪೂರ್ತಿ ನೀವೊಬ್ಬರೇ ಗಾಳಿ ಎದುರಿಸಬೇಕು. ಚಕ್ರಕ್ಕೆ ಹಾಕಿದ ದುಡ್ಡಿಗೆ ನಿಜವಾದ ಬೆಲೆ ಸಿಗುವುದು ಇಂಥ ಕಡೆಯೇ. ಆದರೆ ಹೊಸ ಡಿಸ್ಕ್ ಚಕ್ರ ಕೊಳ್ಳಬೇಕಾಗಿಲ್ಲ. ಇರುವ ಹಿಂದಿನ ಚಕ್ರಕ್ಕೆ ಎರಡೂ ಪಕ್ಕ ಕೂರಿಸುವ ತೆಳು ಮುಚ್ಚಳ ಸಿಗುತ್ತದೆ. ಅದು ಡಿಸ್ಕ್‌ನ ಕೆಲಸವನ್ನು ಬಹುಪಾಲು ಮಾಡುತ್ತದೆ. ಮುಂದಕ್ಕೆ 50 ಸಾಕು. ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ವಿಶ್ವ ಸ್ಪರ್ಧೆಯಲ್ಲಿ ಅಡ್ಡ ಗಾಳಿಯ ಕಾರಣಕ್ಕೆ ಬಹಳ ವರ್ಷ ಡಿಸ್ಕ್ ಚಕ್ರಕ್ಕೆ ಅವಕಾಶವಿರಲಿಲ್ಲ. ಹಾಗಾಗಿ ನಿಮ್ಮ ಸ್ಪರ್ಧೆಯ ನಿಯಮ ಪುಸ್ತಕ ಒಮ್ಮೆ ಓದಿಬಿಡಿ. ಮುಚ್ಚಳ ಹಾಕಿದ ಮೇಲೆ ವಾಲ್ವ್‌ಗೆ ಪಂಪ್ ಬಾಯಿ ತಲುಪುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಅದಕ್ಕೆ ಬಗ್ಗಿದ ಸಣ್ಣ ಅಡಾಪ್ಟರ್ ಬೇಕಾಗುತ್ತದೆ.

ಪ್ರಶ್ನೆ: ಹೊಸ ಚಕ್ರ ನಿಜವಾಗಿ ವೇಗವೋ ಅಥವಾ ನನ್ನ ಭ್ರಮೆಯೋ ಅಂತ ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಸಾಧನ) ಇಲ್ಲದೆ ತಿಳಿಯಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ತಿಳಿಯಬಹುದು, ತಾಳ್ಮೆ ಬೇಕು ಅಷ್ಟೇ. ವಾಹನ ಇಲ್ಲದ, ನೇರವಾದ, ಸಣ್ಣ ಇಳಿಜಾರು ಹುಡುಕಿ. ಕೆಳಗೆ ಸಪಾಟಾಗಿ ಅಥವಾ ಸ್ವಲ್ಪ ಏರಾಗಿ ಮುಗಿಯಬೇಕು. ಬೆಳಗಿನ ಜಾವ ಎಲೆ ಅಲುಗಾಡದ ಹೊತ್ತಿನಲ್ಲಿ ಹೋಗಿ. ಒಂದೇ ಗುರುತಿನಿಂದ ನಿಂತಲ್ಲಿಂದ ಬಿಡಿ, ತುಳಿಯಬೇಡಿ, ಪೆಡಲ್ ಒಂದೇ ಮಟ್ಟದಲ್ಲಿರಲಿ, ಕೂರುವ ಭಂಗಿ ಬದಲಿಸಬೇಡಿ. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಸುಣ್ಣದ ಗುರುತು ಹಾಕಿ. ಹಳೆಯ ಚಕ್ರ, ಹೊಸ ಚಕ್ರ, ಮತ್ತೆ ಹಳೆಯ ಚಕ್ರ, ಹೀಗೆ ಬದಲಿಸುತ್ತಾ ಮಾಡಿ. ಕೊನೆಯಲ್ಲಿ ಹಳೆಯ ಚಕ್ರ ಮೊದಲಿನ ಗುರುತಿಗೇ ಬಂದು ನಿಂತರೆ ಮಾತ್ರ ಪರೀಕ್ಷೆ ನಂಬಬಹುದು. ಎರಡೂ ಚಕ್ರಕ್ಕೆ ಒಂದೇ ಥರದ ಟೈರ್, ಒಂದೇ ಗಾಳಿ ಇರಬೇಕು. ಇಲ್ಲವಾದರೆ ನೀವು ಅಳೆಯುವುದು ಟೈರನ್ನು. ಒಂದು ವಿಷಯ ನೆನಪಿರಲಿ, ಈ ಪರೀಕ್ಷೆಯಲ್ಲಿ ವೇಗ ಕಡಿಮೆ. ಚಕ್ರದ ವ್ಯತ್ಯಾಸ ಸಣ್ಣದಾಗಿಯೇ ಕಾಣುತ್ತದೆ. ಅದೇ ಇಳಿಜಾರಿನಲ್ಲಿ ಮೊಣಕೈ ಮಡಚಿ ಒಂದು ಸಲ, ಕೈ ನೆಟ್ಟಗೆ ಚಾಚಿ ಒಂದು ಸಲ ಬಿಟ್ಟು ನೋಡಿ. ಆ ವ್ಯತ್ಯಾಸಕ್ಕೆ ಸುಣ್ಣವೇ ಬೇಕಾಗುವುದಿಲ್ಲ.

ಪ್ರಶ್ನೆ: 50 ಮಿ.ಮೀ. ರಿಮ್‌ಗೆ ಮಾಮೂಲಿ ಟ್ಯೂಬ್ ಹಾಕಿದರೆ ವಾಲ್ವ್ ಹೊರಗೆ ಕಾಣುವುದೇ ಇಲ್ಲ. ಏನು ಮಾಡಲಿ?
— ಹಾಸನ

ಉತ್ತರ: ರಿಮ್ ಆಳಕ್ಕೆ 20 ಮಿ.ಮೀ. ಆದರೂ ಸೇರಿಸಿ. ನಿಮಗೆ 70 ಅಥವಾ 80ರ ವಾಲ್ವ್ ಬೇಕು. ದಾರಿಗೆ ಒಯ್ಯುವ ಎರಡನೇ ಟ್ಯೂಬೂ ಅದೇ ಉದ್ದದ್ದಿರಲಿ. ಇದನ್ನು ಮರೆತು ದಾರಿಯಲ್ಲಿ ಪರದಾಡುವವರೇ ಜಾಸ್ತಿ. ಪಂಚರ್ ಅಂಗಡಿಯ ಪಂಪಿಗೆ ಹೊಂದುವ ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ರಾಜ್ಯ ಮಟ್ಟದ ಸೈಕಲ್ ಶರ್ಯತ್ತಿಗೆ ತಯಾರಿ ನಡೆಸಿದ್ದಾಳೆ. ಒಂದೂವರೆ ಲಕ್ಷದ ಕಾರ್ಬನ್ ಗಾಲಿ ಇಲ್ಲದಿದ್ದರೆ ಮೆಡಲ್ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮದು ಒಕ್ಕಲುತನ. ಸಾಲ ಮಾಡಿಯಾದರೂ ಕೊಡಿಸುವ ಮನಸ್ಸಿದೆ. ತಮ್ಮ ಸಲಹೆ ಬೇಕು.
— ರೈತರು, ವಿಜಯಪುರ ಜಿಲ್ಲೆ

ಉತ್ತರ: ನಮಸ್ಕಾರ. ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ನಾನು ಹುಟ್ಟಿದ್ದು ಜಮಖಂಡಿ ಕಡೆ. ಆ ಭಾಗದ ಮಕ್ಕಳು ಸೈಕಲ್‌ನಲ್ಲಿ ಏನು ಮಾಡಬಲ್ಲರು ಎನ್ನುವುದನ್ನು ಚಿಕ್ಕಂದಿನಿಂದ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಬಿಚ್ಚಿ ಹೇಳುತ್ತೇನೆ: ಸಾಲ ಮಾಡಬೇಡಿ.

ಮಗಳು ಗುಂಪಿನ ಶರ್ಯತ್ತಿನಲ್ಲಿ ಓಡುವುದಾದರೆ ಹೆಚ್ಚಿನ ಹೊತ್ತು ಬೇರೆಯವರ ಹಿಂದೆ ಇರುತ್ತಾಳೆ. ಸರಿಯಾಗಿ ಹಿಂದೆ ಕೂತರೆ ಗಾಳಿಯ ತಡೆ ಮೂರನೇ ಒಂದು ಭಾಗದಷ್ಟಾದರೂ ಇಳಿಯುತ್ತದೆ. ಯಾವ ಗಾಲಿಯೂ ಇಷ್ಟು ಕೊಡುವುದಿಲ್ಲ. ಅಡ್ಡ ಗಾಳಿ ಬಂದಾಗ ಗುಂಪು ಓರೆಯಾಗಿ ಸಾಲು ಕಟ್ಟುತ್ತದೆ. ಆ ಸಾಲಿನಲ್ಲಿ ಜಾಗ ಹಿಡಿಯುವುದನ್ನು ಕಲಿಯಲಿ. ನಿಮ್ಮ ಬಯಲು ಸೀಮೆಯ ರಸ್ತೆಗಳಿಗಿಂತ ಒಳ್ಳೆಯ ಶಾಲೆ ಅದಕ್ಕೆ ಇಲ್ಲ.

ಒಬ್ಬೊಬ್ಬರೇ ಓಡುವ ಟೈಮ್ ಟ್ರಯಲ್‌ನಲ್ಲಿ ಗಾಲಿಯ ಲೆಕ್ಕ ಇದೆ, ಇಲ್ಲ ಅನ್ನುವುದಿಲ್ಲ. ಅದು ವರ್ಷಕ್ಕೆ ಕೆಲವೇ ದಿನದ ಮಾತು. ಆ ದಿನಗಳಿಗೆ ಹಿರಿಯ ಸವಾರರಿಂದ, ಕ್ರೀಡಾ ವಸತಿ ನಿಲಯದಿಂದ ಎರವಲು ಕೇಳಿ. ನಿಮ್ಮ ಭಾಗದಲ್ಲಿ ಕೇಳಿದರೆ ಕೊಡುವವರಿದ್ದಾರೆ. ಎರವಲು ಗಾಲಿ ಸ್ಪರ್ಧೆಯ ಹಿಂದಿನ ವಾರವೇ ಬರಲಿ, ಅದರಲ್ಲಿ ಅವಳು ಗಾಳಿಯ ದಿನ ಒಮ್ಮೆಯಾದರೂ ಓಡಿಸಿರಬೇಕು. ಮುಂದೆ ಯಾರಾದರೂ 80 ಮಿ.ಮೀ. ಗಾಲಿ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಹುಷಾರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2026ರ ಜನವರಿ 1ರಿಂದ ಗುಂಪಿನ ರಸ್ತೆ ಸ್ಪರ್ಧೆಗಳಲ್ಲಿ ರಿಮ್ ಆಳಕ್ಕೆ 65 ಮಿ.ಮೀ. ಮಿತಿ ಹಾಕಿದೆ.

ಈಗ ಕೈಯಲ್ಲಿರುವ ದುಡ್ಡಿನಲ್ಲಿ ಏನು ಮಾಡಬೇಕು ಅಂದರೆ, ಮೊದಲು ಬೈಕ್ ಅವಳ ಅಳತೆಗೆ ಇದೆಯಾ ತೋರಿಸಿ. ಸೀಟಿನ ಎತ್ತರ, ಹ್ಯಾಂಡಲ್ ಅಗಲ ಅವಳಿಗೆ ಸರಿ ಇರಬೇಕು. ದೊಡ್ಡವರ ಬೈಕಿನ ಅಗಲದ ಹ್ಯಾಂಡಲ್ ಹಿಡಿದು ಎದೆ ತೆರೆದು ಕೂತರೆ ಎಂಥ ಗಾಲಿ ಹಾಕಿದರೂ ವ್ಯರ್ಥ. ಆಮೇಲೆ ಮೈಗೆ ಅಂಟುವ ಒಂದು ಒಳ್ಳೆಯ ಸ್ಕಿನ್‌ಸೂಟ್. ಆಮೇಲೆ ಟೈರ್. ತರಬೇತಿಗೆ ಗಟ್ಟಿ ಟೈರ್, ಶರ್ಯತ್ತಿಗೆ ಬೇರೆ ಒಂದು ಜೋಡಿ ವೇಗದ ಟೈರ್. ಈಗಿರುವ ಅಲ್ಯೂಮಿನಿಯಂ ಗಾಲಿಯ ಬೇರಿಂಗ್ ಬದಲಿಸಿ, ಸ್ಪೋಕ್ ಬಿಗಿ ಸಮ ಮಾಡಿಸಿ, ಬೆಂಡ್ ತೆಗೆಸಿ. ಇಷ್ಟೂ ಸೇರಿ ಆ ಒಂದೂವರೆ ಲಕ್ಷದ ಒಂದು ಸಣ್ಣ ಪಾಲು. ಉಳಿದದ್ದು ಅವಳ ಊಟಕ್ಕೆ, ಸ್ಪರ್ಧೆಗಳಿಗೆ ಹೋಗಿ ಬರುವ ಖರ್ಚಿಗೆ ಇರಲಿ. ಈ ವಯಸ್ಸಿನಲ್ಲಿ ಹೆಚ್ಚು ಶರ್ಯತ್ತು ಓಡಿದಷ್ಟೂ ಒಳ್ಳೆಯದು.

ಶರ್ಯತ್ತಿನ ಟೈರನ್ನು ಹಿಂದಿನ ದಿನ ರಾತ್ರಿ ಹಾಕಬೇಡಿ. ನಾಲ್ಕು ದಿನ ಮುಂಚೆ ಹಾಕಿ, ಗಾಳಿ ಹೊಡೆದು, ಅವಳಿಂದ ಒಂದು ಸುತ್ತು ಓಡಿಸಿ ನೋಡಿ. ನಿಧಾನಕ್ಕೆ ಗಾಳಿ ಇಳಿಯುವ ಪಂಚರ್ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.